ಶುಕ್ರವಾರದ ದನಿ

ಬಾಯಿ ತುಂಬ ನೊರೆ ಬಂದಮೇಲೆಯೇ ತಾನು ಎರಡನೆಯ ಸಲ ಹಲ್ಲುಜ್ಜುತ್ತಿದ್ದೇನೆಂದು ತಾಯಣ್ಣನಿಗೆ ತಿಳಿದದ್ದು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಡತಿ ಸುಮಂಗಲಾ, “ಏನ್ರಿ, ಇವತ್ತು ಬಾಯಿ ಅಷ್ಟು ಹೊಲಸಾಗೇದೇನು? ಒಮ್ಮಿಗೇ ಸುಣ್ಣ ಹಚ್ಚಿಬಿಡ್ರಿ” ಎಂದಳು. ಬೇರೆ ದಿನವಾಗಿದ್ದರೆ ಅವನು ತಮ್ಮ ಬ್ಯಾಂಕಿನ ಮ್ಯಾನೇಜರನಂತೆ ಮಾತನ್ನು ಎಳೆದೆಳೆದು, “ನೋಡ್ರಿ ಮೇಡಂ, ಬಾಯಿ ನಮ್ಮ ಶಾಖೆಗೆ ಬರಂಗಿಲ್ಲ, ಹೆಡ್ ಆಫೀಸಿಗೆ ಬರೀರಿ” ಎನ್ನುತ್ತಿದ್ದ. ಅವಳು ಕೊಡ ಕೆಳಗಿಟ್ಟು ನಗುತ್ತಿದ್ದಳು. ಇವತ್ತು ಸುಮ್ಮನೆ ಉಗುಳಿ, ಮುಖ ತೊಳೆದು, ದೇವದುರ್ಗಕ್ಕೆ ಹೋಗಿಬರುತ್ತೇನೆ ಎಂದ. “ಡ್ಯೂಟಿ?” “ರಜಾ ಹೇಳೀನಿ.” ಸುಮಂಗಲಾ ಅವನ ಮುಖ ನೋಡಿದಳು. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಈ ಮನುಷ್ಯ ಹೇಳದೆ ಇಟ್ಟುಕೊಂಡದ್ದು ಒಂದೇ ಒಂದು ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ ಹೇಳಿಬಿಡುತ್ತಿದ್ದೆ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದ. ಕೇಳದಂತೆ ಪ್ರತಿ ಸಲವೂ ನಗಿಸುತ್ತಿದ್ದ.

ಎರಡು ಸಲದ ಹಲ್ಲುಜ್ಜುವಿಕೆಯ ನಡುವೆ ಬಂದದ್ದು ವಾಹಿದಾಳ ಫೋನು. ವಾಹಿದಾ ಜಿಲಾನಿ ಪಾಷಾನ ತಂಗಿ, ದೇವದುರ್ಗದಲ್ಲಿ ಶಾಲೆಯ ಟೀಚರು. ರಾಯಚೂರಿನ ಕಾಲೇಜು ಮೈದಾನದ ಮೂಲೆಯಲ್ಲಿ ಹಳೆಯ ಆಟಗಾರರೆಲ್ಲ ಸೇರಿ ಕಟ್ಟಿಸಿದ ಕೋಣೆಗೆ ಜಿಲಾನಿಯ ಹೆಸರಿಡುತ್ತಾರೆ. ಬರುವ ಭಾನುವಾರ ಅವನ ತಾಯಿ ಬಂದು ಕಲ್ಲಿನ ಮೇಲಿನ ಬಟ್ಟೆ ಸರಿಸಬೇಕು. ಕಲ್ಲು ಕೆತ್ತುವವನು ಹೆಸರು ಕೆತ್ತಿ, ಹುಟ್ಟಿದ ತಾರೀಖು ಕೆತ್ತಿ, ಸತ್ತ ತಾರೀಖಿನ ಜಾಗ ಬಿಟ್ಟು ಉಳಿ ಕೆಳಗಿಟ್ಟು ಕೂತಿದ್ದಾನೆ. ಸೈನ್ಯದ ಕಾಗದದಲ್ಲಿ ಇರುವುದು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿಯ ಜುಲೈ ಆರು, ಮಂಗಳವಾರ. ತಾಯಿ ಹೇಳುವುದು ಒಂಬತ್ತು, ಶುಕ್ರವಾರ. “ಆರು ಅಂತ ಬರದ್ರ ನಾ ಬರಂಗಿಲ್ಲ ಅಂತ ಹಟ ಹಿಡದಾಳ ಅಣ್ಣಾ. ಕೋಣೆ ಕಟ್ಟಿಸಿದ ಮುನ್ನಾಭಾಯಿ ಅವ್ರು ಅಂದ್ರು, ತಾಯಣ್ಣ ಅಲ್ಲೇ ಇದ್ದ, ಅವ ಯಾವ ತಾರೀಖು ಅಂತಾನೋ ಅದನ್ನ ಕೆತ್ತಸ್ತೀವಿ ಅಂತ. ನೀವು ಇಷ್ಟು ವರ್ಷ ಒಂದ್ಸಲನೂ ಬಾಯಿ ಬಿಟ್ಟಿಲ್ಲ. ಇವತ್ತು ಬಂದು ಅಮ್ಮಗ ಹೇಳಿಬಿಡ್ರಿ. ನಿಮ್ಮ ಮಾತಂದ್ರ ಕೇಳ್ತಾಳ. ಸಂಜಿಗೆ ಕಲ್ಲಿನಂವಗ ಹೇಳಬೇಕು.” ಹೇಳುತ್ತೇನವ್ವಾ ಎಂದಿದ್ದ. ಅದು ಯಾರ ದನಿ ಎಂದು ಫೋನ್ ಇಟ್ಟಮೇಲೆ ಅನುಮಾನ ಬಂದಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಮುದುಕ ಇವನ ಮೀಸೆಯನ್ನೂ ಬೂಟನ್ನೂ ನೋಡಿ, “ಮಿಲ್ಟ್ರಿಯವ್ರೇನ್ರಿ?” ಎಂದ. “ಇದ್ದೆ. ಈಗ ಬ್ಯಾಂಕಿನ ಬಾಗಲ ಕಾಯ್ತೀನಿ.” “ಭಾಳ ಚಲೋ. ನನ್ನ ಪಾಸ್‌ಬುಕ್ಕಿಗೆ ಅಚ್ಚು ಬಿದ್ದಿಲ್ಲ, ಒಂಚೂರು ನೋಡ್ರಿ” ಎಂದು ಚೀಲಕ್ಕೆ ಕೈ ಹಾಕಿದ. ಹೀಗೇ. ಜುಲೈ ಇಪ್ಪತ್ತಾರಕ್ಕೆ, ಕಾರ್ಗಿಲ್ ದಿನವೆಂದು, ಬ್ಯಾಂಕಿನಲ್ಲಿ ಅವನಿಗೊಂದು ಶಾಲು. ಮ್ಯಾನೇಜರು ‘ನಮ್ಮ ಹೆಮ್ಮೆಯ ಯೋಧರು’ ಎನ್ನುತ್ತಾರೆ. ಯುದ್ಧದ ಅನುಭವ ಎರಡು ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಅವನು ಎರಡು ಮಾತು ಹೇಳಿ ಮೂರನೆಯದಕ್ಕೆ ತಡವರಿಸುವಷ್ಟರಲ್ಲಿ ಕ್ಯಾಶಿನ ಆಂಜನೇಯ, “ಸಾಹೇಬ್ರ ದನಿ ಮಾಡ್ರಿ ತಾಯಣ್ಣ” ಎಂದು ಕೂಗುತ್ತಾನೆ. ಮಾಡುತ್ತಾನೆ. ಮ್ಯಾನೇಜರೇ ಮೊದಲು ನಗುತ್ತಾರೆ. ಮರುದಿನ ಅದೇ ಬಾಯಿ, “ಏ ತಾಯಣ್ಣ, ಝೆರಾಕ್ಸ್ ತೊಗೊಂಬಾ.” ಹವಾ ಇರುವತನಕ ಹವಾಲ್ದಾರ ಎಂದು ತನಗೆ ತಾನೇ ಹೇಳಿಕೊಂಡು ಹೋಗಿ ತರುತ್ತಾನೆ. ಮ್ಯಾನೇಜರು, ಕಂಡಕ್ಟರು, ಬಸ್‌ಸ್ಟ್ಯಾಂಡಿನ ಮೈಕಿನ ಹೆಣ್ಣುಮಗಳು, ಸತ್ತುಹೋದ ತನ್ನ ಅವ್ವ ಗೋಪಮ್ಮ, ಎಲ್ಲರ ದನಿಯೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಒಂದು ದನಿ ಮಾತ್ರ ಇಪ್ಪತ್ತಾರು ವರ್ಷದಿಂದ ಯಾರೂ ಕೇಳಿರಲಿಲ್ಲ. ಅದು ಇಲ್ಲವೆಂದು ಯಾರ ಗಮನಕ್ಕೂ ಬಂದಿರಲಿಲ್ಲ.

ಆ ದನಿ ಮಾಡುವುದು ಸುಲಭವೂ ಆಗಿರಲಿಲ್ಲ. ಜಿಲಾನಿ ಗಂಟಲಿನಿಂದ ಮಾತಾಡುತ್ತಲೇ ಇರಲಿಲ್ಲ. ನಗೆಯೊಂದು ಬಂದು ಹೋದಮೇಲೆ ಎದೆಯಲ್ಲಿ ಉಳಿಯುತ್ತದಲ್ಲ, ಆ ಉಸಿರಿನಿಂದ ಮಾತಾಡುತ್ತಿದ್ದ. ಮಾತಿನ ಕೊನೆಯ ಅಕ್ಷರವನ್ನು ಯಾರಿಗೂ ಪಾಸ್ ಕೊಡದೆ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದ, ಮೈದಾನದಲ್ಲಿ ಚೆಂಡನ್ನು ಇಟ್ಟುಕೊಂಡ ಹಾಗೆ. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಮಾನ್ವಿಯಿಂದ ಬಂದ ತಾಯಣ್ಣ ಗೋಲ್‌ಕೀಪರು, ದೇವದುರ್ಗದ ಜಿಲಾನಿ ಎಡಗಡೆಯ ಫಾರ್ವರ್ಡು. ಒಂದು ಗೋಲು ಬಿಟ್ಟುಕೊಟ್ಟರೂ ಮೂರು ದಿನ ಮುಖ ಬಾಡಿಸಿಕೊಂಡು ಕೂರುತ್ತಿದ್ದ ತಾಯಣ್ಣನಿಗೆ, “ಗೋಲ್‌ಕೀಪರ್ ಅಲ್ಲಲೇ ನೀ, ಗೋಳ್‌ಕೀಪರ್” ಎನ್ನುತ್ತಿದ್ದ. ಇತಿಹಾಸದ ಮೇಷ್ಟ್ರು ಹಾಜರಿ ಕರೆಯುವಾಗ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಹೊರಗೆ ಜಿಲಾನಿ ಗೋಡೆಗೆ ಚೆಂಡು ಬಡಿಯುತ್ತಿರುವ ಸಪ್ಪಳ ಕೇಳುತ್ತಿರುವಾಗಲೇ ಒಳಗೆ ಕೊನೆಯ ಬೆಂಚಿನಿಂದ ತಾಯಣ್ಣ ಅವನ ದನಿಯಲ್ಲಿ ‘ಹಾಜರ್ ಸರ್’ ಎನ್ನುತ್ತಿದ್ದ. ಎರಡು ವರ್ಷ. ಒಂದು ದಿನ ಜಿಲಾನಿಯೇ ಅಪರೂಪಕ್ಕೆ ತರಗತಿಗೆ ಬಂದು ತಾನೇ ಹಾಜರ್ ಎಂದಾಗ ಮೇಷ್ಟ್ರು ಮೊದಲ ಸಲ ತಲೆ ಎತ್ತಿ, “ಯಾವನ್ಲೇ ಅಂವ, ಪಾಷಾನ ಪ್ರಾಕ್ಸಿ ಹೊಡಿಯಾಕತ್ತಾಂವ?” ಎಂದಿದ್ದರು. ಆ ದಿನವಿಡೀ ಜಿಲಾನಿ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ನಕ್ಕ. “ನನಗಿಂತ ಇಂವನ ಚಲೋ ಜಿಲಾನಿ. ನಾ ಇನ್ನ ಮ್ಯಾಲೆ ಸಾಲಿಗೆ ಬರಾದ ಬ್ಯಾಡ.”

ಬಸ್ಸು ಕಲ್ಮಲಾ ದಾಟಿತು. ಕಾಲುವೆಯ ನೀರು ಬಿಟ್ಟಿದ್ದರು. ನಾಟಿ ಮಾಡುವ ಹೆಂಗಸರು ಬಗ್ಗಿದ್ದವರು ಬಗ್ಗಿದಂತೆಯೇ ಹಿಂದೆ ಸರಿದರು. ಸೈನ್ಯದ ಭರ್ತಿ ರ‍್ಯಾಲಿಗೆ ಇಬ್ಬರೂ ಒಟ್ಟಿಗೆ ಹೋಗಿದ್ದು, ಓಡಿದ್ದು, ಚೆಂಡಾಟದ ಸರ್ಟಿಫಿಕೇಟು ನೋಡಿ ಇಬ್ಬರನ್ನೂ ಒಂದೇ ಕಡೆ ತೆಗೆದುಕೊಂಡದ್ದು. ರೆಜಿಮೆಂಟಿನ ತಂಡಕ್ಕೆ ಆಡಬಹುದು, ಅನ್ನ ಚೆನ್ನಾಗಿರುತ್ತದೆ ಎಂದು ಹೋದವರು. ಎರಡು ವರ್ಷ ಆಡಿದರು ಕೂಡ. ಆಮೇಲೆ ಒಂದು ಜೂನ್ ತಿಂಗಳು ಆಟದ ಬೂಟು ಪೆಟ್ಟಿಗೆಯಲ್ಲಿಟ್ಟು ದ್ರಾಸಿಗೆ ಹೋಗಿ ಎಂದರು. ಬೆಟ್ಟದ ಮೇಲೆ ಜಿಲಾನಿ ಮೇಲಿನ ಬಂಡೆಯ ಹಿಂದೆ, ತಾಯಣ್ಣ ಕೆಳಗಿನ ಬಂಡೆಯ ಹಿಂದೆ. ಮಂಗಳವಾರ ಬೆಳಗಿನ ಜಾವ ಶೆಲ್ ಬಿತ್ತು. ಹೊಗೆ ಹೋದಮೇಲೆ ನೋಡಿದರೆ ಮೇಲಿನ ಬಂಡೆ ಇತ್ತು. ಅಷ್ಟೇ. ಗುಂಡು ನಿಲ್ಲದೆ ಹತ್ತಿರ ಹೋಗುವಂತಿರಲಿಲ್ಲ. ಶನಿವಾರದವರೆಗೆ ಜಿಲಾನಿಯ ಹೆಣವನ್ನು ಇಳಿಸಲಾಗಲಿಲ್ಲ. ಗುರುವಾರ ತಾಯಣ್ಣನ ಗುಂಪನ್ನು ಕೆಳಗಿನ ಕ್ಯಾಂಪಿಗೆ ಕಳಿಸಿದರು. ಶುಕ್ರವಾರ ಮಧ್ಯಾಹ್ನ ಮನೆಗೆ ಫೋನು ಮಾಡುವ ಸರದಿ. ಒಬ್ಬೊಬ್ಬರಿಗೆ ಎರಡು ನಿಮಿಷ. ಸೋಮವಾರವೇ ಬರೆದಿಟ್ಟ ಪಟ್ಟಿ, ಆಮೇಲೆ ಸತ್ತವರ ಹೆಸರು ಇನ್ನೂ ಹೊಡೆದುಹಾಕಿರಲಿಲ್ಲ. ಹೆಸರು, ಎದುರಿಗೆ ಊರಿನ ನಂಬರು. ತಾಯಣ್ಣನ ಹೆಸರು ಅದರಲ್ಲಿರಲಿಲ್ಲ. ಮಾನ್ವಿಯಲ್ಲಿ ಫೋನಿನ ಹತ್ತಿರ ಬಂದು ಕೂರುವವರು ಅವನಿಗೆ ಯಾರೂ ಇರಲಿಲ್ಲ. ಸುಬೇದಾರ್ ಪಟ್ಟಿಯಿಂದ ತಲೆ ಎತ್ತದೆ ಓದುತ್ತಾ ಹೋದ. ಜಿಲಾನಿ ಪಾಷಾ, ದೇವದುರ್ಗ.

“ಹಾಜರ್” ಎಂದಿತು ಬಾಯಿ.

ತಾಯಣ್ಣ ಅದನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದಾನೆ. ಬೇಕೆಂದು ಅಂದದ್ದಲ್ಲ. ಚೆಂಡು ಬಂದಾಗ ಕೈ ಹೋಗುವ ಹಾಗೆ ದನಿ ಹೋಯಿತು. ಸುಬೇದಾರ್ ಚೀಟಿ ಕೈಗಿಟ್ಟ. ಆಮೇಲಾದರೂ ಅವನು ಲೆಕ್ಕ ಹಾಕಿದ್ದು ಬೇರೆ: ದೇವದುರ್ಗ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನ ಮಹಾಂತಯ್ಯ ಎತ್ತುತ್ತಾನೆ, ಇವತ್ತು ಲೈನು ಸಿಗುವುದಿಲ್ಲ, ಅಮ್ಮನನ್ನು ಮನೆಗೆ ಕಳಿಸು ಎಂದು ಹೇಳಿಬಿಡಬೇಕು. ಶುಕ್ರವಾರ ನಮಾಜಿನ ನಂತರ ಮಾಡುತ್ತೇನೆಂದು ಜಿಲಾನಿ ಕಾಗದ ಬರೆದಿದ್ದ. ಅವನ ಅಮ್ಮ ಮಾರುವ ಬಳೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿರುತ್ತಾಳೆ. ಆದರೆ ಮೊದಲ ಗಂಟೆಗೇ ಎತ್ತಿದವಳು ಅವಳೇ. ಆಚೆ ಬಸ್ಸಿನ ಹಾರ್ನು ಕೇಳಿತು. ಆಮೇಲೆ, “ಜಿಲಾನಿ?” ಎಂದಳು. ಆ ಒಂದು ಮಾತಿಗೆ ‘ಅಲ್ಲ’ ಎನ್ನುವ ದನಿ ಯಾವುದು, ಅದು ಎಲ್ಲಿಂದ ಬರುತ್ತದೆ, ಅವನಿಗೆ ಇವತ್ತಿಗೂ ತಿಳಿದಿಲ್ಲ. “ಹೌ ಅಮ್ಮಾ” ಎಂದ. ಉಂಡೆಯಾ? ಉಂಡೆ. ಅಲ್ಲಿ ಆಡಲಿಕ್ಕೆ ಬಿಡುತ್ತಾರಾ? ಬಿಡುತ್ತಾರೆ. ಎಷ್ಟು ಗೋಲು ಹೊಡೆದಿ? ಎರಡು. ತಾಯಣ್ಣ ಹ್ಯಾಗಿದ್ದಾನೆ? ಚೆನ್ನಾಗಿದ್ದಾನೆ. ಎರಡು ನಿಮಿಷ ಎಷ್ಟು ದೊಡ್ಡದು. ಕೊನೆಗೆ ಸುಬೇದಾರ್ ಗಡಿಯಾರ ತೋರಿಸಿದ.

ಮೂರನೆಯ ದಿನ ಅವಳಿಗೆ ತಂತಿ ಹೋಯಿತು. ತಾಯಣ್ಣನಿಗೆ ರಜೆ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ರೈಲಿನುದ್ದಕ್ಕೂ ಮಾತು ಜೋಡಿಸಿಕೊಂಡು, ಕಾಲಿಗೆ ಬಿದ್ದು ಹೇಳಿಬಿಡುತ್ತೇನೆ ಎಂದು ಬಂದಾಗ ಮನೆ ತುಂಬ ಹೆಂಗಸರು. ನಡುವೆ ಜಿಲಾನಿಯ ತಾಯಿ ಖಾಸಿಂಬಿ ಕಣ್ಣೀರಿಲ್ಲದೆ ಕೂತು ಹೇಳುತ್ತಿದ್ದಳು: “ಕಾಗದದಾಗ ತಪ್ಪು ಬರದಾರ. ಜುಮ್ಮಾದ ದಿನ ನಮಾಜ್ ಆದಮ್ಯಾಲ ನನ್ನ ಕೂಡ ಮಾತಾಡ್ಯಾನ. ಮಾತಾಡಿ ಮ್ಯಾಲ ಹೋದ, ಅವತ್ತ ಹೋದ. ಜುಮ್ಮಾದ ದಿನ ಹೋದವರಿಗೆ ಗೋರಿಯಾಗ ಪಾಪ ಪುಣ್ಯದ ಸವಾಲ್ ಕೇಳಂಗಿಲ್ಲ. ನನ್ನ ಮಗಗ ಯಾರೂ ಏನೂ ಕೇಳಂಗಿಲ್ಲ.” ಹೆಂಗಸರೆಲ್ಲ ಹೌದೆಂದು ತಲೆಯಾಡಿಸುತ್ತಿದ್ದರು. ತಾಯಣ್ಣ ಬಾಗಿಲ ಹತ್ತಿರ ಚಪ್ಪಲಿಗಳ ನಡುವೆ ಕೂತ. ಅವಳಿಗೆ ಉಳಿದದ್ದು ಒಂದು ಶುಕ್ರವಾರ, ಅದನ್ನು ಕೊಟ್ಟವನು ತಾನು, ಕಿತ್ತುಕೊಳ್ಳಬೇಕಾದವನೂ ತಾನು. ಜೋಡಿಸಿಟ್ಟ ಮಾತನ್ನು ಹಾಗೇ ಹೊತ್ತುಕೊಂಡು ಎದ್ದುಬಂದ. ಮುಸಲ್ಮಾನರ ಲೆಕ್ಕದಲ್ಲಿ ಆ ಶುಕ್ರವಾರ ಬಾರಾ ವಫಾತ್ ತಿಂಗಳ ಇಪ್ಪತ್ನಾಲ್ಕು, ಪ್ರತಿ ವರ್ಷ ಅವತ್ತು ಬರ್ಸಿ, ವರ್ಷದ ತಿಥಿ. ಸತ್ತವನ ಹೆಸರಲ್ಲಿ ಫಾತಿಹಾ ಓದಿಸಿ ಸಿಹಿ ಮಲೀದಾ ಹಂಚುತ್ತಾಳೆ. ಅವನು ರಜೆ ಹಾಕಿ ಬಂದು ಉಣ್ಣುತ್ತಾನೆ, ಶುಕ್ರವಾರವೆಂದು ಒಮ್ಮೆಯೂ ಬಾಯಿಬಿಟ್ಟು ಹೇಳದೆ, ಅಲ್ಲವೆಂದೂ ಹೇಳದೆ. ಅದಕ್ಕೆ ಮೂರು ದಿನ ಮೊದಲು, ಇಪ್ಪತ್ತೊಂದಕ್ಕೆ, ಜಿಲಾನಿಯ ಹೆಸರು ಹಿಡಿದು ಕೈಯೆತ್ತುವವರು ಲೋಕದಲ್ಲಿ ಯಾರೂ ಇಲ್ಲ. ಆ ದಿನ ತಾಯಣ್ಣ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು, ಬರುವ ಹೋಗುವ ಕಾಲುಗಳನ್ನೇ ನೋಡುತ್ತಾನೆ. ನಿಜವಾಗಿ ಸತ್ತ ದಿನ ಸತ್ತವನಿಗೇ ಸಿಗದಂತೆ ಮಾಡಿದವನು ತಾನು. ಇಷ್ಟರ ಮೇಲೆ ಆ ಸುಳ್ಳು ಶುಕ್ರವಾರವನ್ನು ಕಲ್ಲಿನ ಮೇಲೂ ಕೆತ್ತುವುದೇ?

“ಗಬ್ಬೂರ್ ಇಳಿಯೋರು ಬರ್ರಿ ಬರ್ರಿ” ಎಂದ ಕಂಡಕ್ಟರು. ಮುದುಕ ಪಾಸ್‌ಬುಕ್ಕನ್ನು ಚೀಲಕ್ಕೆ ಸೇರಿಸಿ, “ಏನೂ ಹೇಳಲಿಲ್ಲಲ್ರಿ ನೀವು” ಎಂದು ಬೇಸರದಿಂದ ಇಳಿದುಹೋದ.

ದೇವದುರ್ಗದ ಮನೆಯಲ್ಲಿ ಖಾಸಿಂಬಿ ಒಬ್ಬಳೇ ಮಂಚದ ಮೇಲಿದ್ದಳು. ಎರಡೂ ಕಣ್ಣಿಗೆ ಪೊರೆ. ಬಾಗಿಲಿಗೆ ಅಡ್ಡ ಬಂದ ಬೆಳಕಿನಿಂದಲೇ ಆಳನ್ನು ಗುರುತಿಸುತ್ತಾಳೆ. “ತಾಯಣ್ಣ ಏನು? ಬಾ ಬೇಟಾ. ವಾಹಿದಾ ಸಾಲಿಗೆ ಹೋಗ್ಯಾಳ. ಚಹಾ ನಾನ ಮಾಡ್ತೀನಿ, ಸಕ್ಕರಿ ಮಾತ್ರ ನೀ ಹಾಕ್ಕೊ. ನನಗ ಉಪ್ಪು ಸಕ್ಕರಿ ಎರಡೂ ಅಕ್ಕ ತಂಗಿ ಕಂಡಂಗ ಕಾಣ್ತಾವ.” ಬೇಡವೆಂದು ಅವನು ಮಂಚದ ಕೆಳಗೆ ನೆಲದ ಮೇಲೆ ಕೂತ. ಅವಳು ಅವನ ಕೈ ಹುಡುಕಿ ಹಿಡಿದುಕೊಂಡು, ಬೆರಳುಗಳನ್ನು ಒತ್ತೊತ್ತಿ ಕೂಡಿಸಿ, ಹೆಬ್ಬೆರಳ ಬುಡವನ್ನು ಒಳಗೆ ಮಡಿಚಿ ನೋಡಿದಳು. ಐವತ್ತು ವರ್ಷ ಬಳೆ ಇಡಿಸಿದವಳ ಚಟ. ಯಾರ ಕೈ ಸಿಕ್ಕರೂ ಅಳತೆ ನೋಡುತ್ತಾಳೆ. “ಕೈ ಒಣಗ್ಯಾವ ನಿನ್ನವು. ಉಣ್ಣಾಕ ಹಾಕ್ತಾಳಿಲ್ಲೋ ಸುಮಂಗಲಾ?” “ಹಾಕ್ತಾಳಮ್ಮಾ.” “ಮಗಳು ಸಂಘಮಿತ್ರಾ?” “ನರ್ಸಿಂಗ್ ಮುಗಸಾಕತ್ತಾಳ.” “ಅಚ್ಛಾ.” ಬೀದಿಯಲ್ಲಿ ತರಕಾರಿಯವನು ಕೂಗುತ್ತ ಹೋದ. ಆ ಕೂಗನ್ನು ಅವನ ಗಂಟಲು ತಾನಾಗಿ ಕಲಿಯಹೊರಟದ್ದು ಗೊತ್ತಾಗಿ ತಾಯಣ್ಣನಿಗೆ ಅಸಹ್ಯವಾಯಿತು.

“ಅಮ್ಮಾ, ಜಿಲಾನಿ ಹೋಗಿದ್ದು ಮಂಗಳವಾರ.”

“ಹೌ. ಕಾಗದದಾಗ ಹಂಗ ಅದ.”

“ಕಾಗದದ ಮಾತಲ್ಲ. ನನ್ನ ಕಣ್ಣೀಲೆ ನೋಡೀನಿ.”

“ಹಂಗಾರ ಶುಕ್ರವಾರ ನನ್ನ ಕೂಡ ಮಾತಾಡಿದಾಂವ ಯಾರು?”

“ನಾನು.”

ಅವಳ ಬೆರಳು ಅವನ ಕೈಯ ಮೇಲೆ ನಿಂತವು. ಈಗ ಕೈ ಬಿಡುತ್ತಾಳೆ, ಈಗ ಹೊಡೆಯುತ್ತಾಳೆ, ಹೊಡೆಯಲಿ ಎಂದು ಕಾದ. ಮುದುಕಿ ನಕ್ಕಳು. ಹಲ್ಲಿಲ್ಲದ ಬಾಯಿಯ ತುಂಬ ನಕ್ಕಳು. “ವಾಹಿದಾ ಕಲಿಸಿಕೊಟ್ಟಾಳ, ಹೌದಿಲ್ಲೋ? ಕಲ್ಲಿನ ಸಲುವಾಗಿ. ಹೋದ ವರ್ಷ ಕಣ್ಣಿನ ಆಪರೇಶನ್ ಮಾಡಿಸಿಕೋ ಅಂತ ಮೌಲ್ವಿ ಸಾಬಗೂ ಹಿಂಗ ಕಲಿಸಿಕೊಟ್ಟಿದ್ಲು, ಕುರಾನಿನಾಗ ಬರದದ ಅಂತ ಹೇಳ್ರಿ ಅಂತ. ಅಂವ ಒಳ್ಳೇಂವ, ಹೇಳೂಮುಂದ ಬೆವತಬಿಟ್ಟ. ನೀನೂ ಬೆವತಿ ನೋಡು.”

“ಅಮ್ಮಾ, ಖರೇ ಹೇಳಾಕತ್ತೀನಿ. ಎಷ್ಟು ಗೋಲ್ ಹೊಡದಿ ಅಂತ ನೀವು ಕೇಳಿದ್ರಿ. ಎರಡು ಅಂದೆ ನಾನು.”

“ಇದನ್ನ ನಾ ಊರ ತುಂಬ ಹೇಳೀನಿ ಬೇಟಾ. ನನ್ನ ಕಡೆ ಬಳಿ ಇಡಿಸಿಕೊಂಡ ಎಲ್ಲಾ ಹೆಂಗಸ್ರಿಗೂ ಗೊತ್ತದ.”

“ನಾ ಮಂದಿ ದನಿ ಮಾಡ್ತೀನಂತ ನಿಮಗ ಗೊತ್ತದಲ್ಲ.”

“ಗೊತ್ತಿಲ್ಲೇನು? ಇದ ಮನಿಯಾಗ ನಮ್ಮ ಮೌಲ್ವಿ ಸಾಬಂದು ಮಾಡಿ ನನ್ನ ಕಡೆ ಬೈಸಿಕೊಂಡಿದ್ದಿ.” ಅವಳು ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ತಮಾಷೆಯಲ್ಲದ ಏನೋ ಬಂತು. “ಮಾಡು ಹಂಗಾರ. ಜಿಲಾನಿದು ಮಾಡು. ನನ್ನ ಮಗ ಅಂತ ನನಗ ಅನಿಸ್ತಂದ್ರ, ಮಂಗಳವಾರ ಅಂತ ಬರಸು. ನಾನ ಬಂದು ಪರದೆ ಸರಸ್ತೀನಿ.”

ಅಷ್ಟೇ ಬೇಕಿತ್ತು. ಸಾಕ್ಷಿ ಅವನ ಗಂಟಲಲ್ಲೇ ಇತ್ತು. ತಾಯಣ್ಣ ಕಣ್ಣು ಮುಚ್ಚಿ, ನಗೆ ಬಂದು ಹೋದಮೇಲಿನ ಉಸಿರನ್ನು ಎದೆಯಲ್ಲಿ ಹುಡುಕಿದ. “ಅಮ್ಮಾ” ಎಂದ. ಬಂದದ್ದು ನಲವತ್ತೊಂಬತ್ತು ವರ್ಷದ, ಬೀಡಿ ಸೇದಿ ಬಿಟ್ಟವನ ದನಿ. ಕೊನೆಯ ಅಕ್ಷರವನ್ನು ನುಂಗಿದ, ಕೆಮ್ಮು ಬಂತು. ಮತ್ತೆ, “ಅಮ್ಮಾ, ಮೈ ಜಿಲಾನಿ” ಎಂದ. “ಇದು ಯಾರ್ದು?” ಎಂದಳು ಅವಳು ಕಿವಿ ಮುಂದೆ ಚಾಚಿ. “ಬಸ್ಸಿನ ಕಂಡಕ್ಟರಂದೇನು?” ಮತ್ತೊಂದು ಸಲ. ಅವನು ಹಾಜರಿ ಪುಸ್ತಕವನ್ನು ಕಣ್ಣ ಮುಂದೆ ತಂದುಕೊಂಡ, ಗೋಡೆಗೆ ಬಡಿಯುವ ಚೆಂಡಿನ ಸಪ್ಪಳ ತಂದುಕೊಂಡ. ಸಪ್ಪಳ ಬಂತು, ಮುಖ ಬಂತು, ಎಡಗಾಲಿನ ಬೂಟಿನ ಹರಿದ ಲೇಸೂ ಬಂತು. ದನಿ ಬರಲಿಲ್ಲ. ಬ್ಯಾಂಕು, ಬಸ್ಸು, ಮೈಕು ಎಲ್ಲರೂ ಒಬ್ಬರ ಹಿಂದೊಬ್ಬರು ಗಂಟಲಿಗೆ ಬಂದು ನಾನಿದ್ದೇನೆ ಎಂದರು. ಯಾರಿಗೂ ಕೇಳಿಸದಂತೆ ಇಪ್ಪತ್ತಾರು ವರ್ಷ ಬೀಗ ಹಾಕಿ ಕಾಯ್ದುಕೊಂಡಿದ್ದ ಕೋಣೆಯಲ್ಲಿ ಏನೂ ಇರಲಿಲ್ಲ.

“ಬಿಡು, ಬಿಡು” ಎಂದು ಅವಳು ಅವನ ತಲೆ ಸವರಿದಳು. “ನಿನಗ ಬರಂಗಿಲ್ಲದು. ನನ್ನ ಮಗನ ದನಿ ಯಾರಿಗೂ ಬರಂಗಿಲ್ಲ. ಹ್ಯಾಂಗಿತ್ತು ಗೊತ್ತೇನು? ದಿನಾ ಮಾಡ್ತೀನಿ ನಾ, ಮರೀಬಾರದಂತ. ವಾಹಿದಾಗೂ ಗೊತ್ತಿಲ್ಲ. ಕೇಳು.” ಅವಳು ಬಾಯೊರೆಸಿಕೊಂಡಳು. ಕತ್ತನ್ನು ಸ್ವಲ್ಪ ಓರೆ ಮಾಡಿದಳು, ಕಿವಿಯ ಹತ್ತಿರ ಯಾರೋ ಇದ್ದಾರೆಂಬಂತೆ.

“ಹೌ ಅಮ್ಮಾ. ಮೈ ಅಚ್ಛಾಚ್ ಹೂಂ.”

ಒಣಗಿದ ತುಟಿಗಳ ನಡುವೆ ಒಬ್ಬ ಹರೆಯದ ಹುಡುಗ, ಚೆನ್ನಾಗಿಯೇ ಇದ್ದೇನೆ ಎಂದು ಮಾತಾಡಿದ. ಮೂಗು ಪೂರಾ ಕಟ್ಟಿತ್ತು ಅವನಿಗೆ. ‘ಮೈ’ ಎನ್ನುವುದು ‘ಬೈ’ ಎಂಬಂತೆ ಕೇಳಿಸುತ್ತಿತ್ತು. ಕೊನೆಯ ಅಕ್ಷರ ನುಂಗಿರಲಿಲ್ಲ. ಜಾರಿಬಿಡುತ್ತದೋ ಎಂದು ಎರಡೂ ಕೈಯಲ್ಲಿ ಹಿಡಿದವನಂತೆ ಒತ್ತಿ ಹೇಳುತ್ತಿದ್ದ. ಜಿಲಾನಿ ಹಾಗೆ ಯಾವತ್ತೂ ಮಾತಾಡಿದವನಲ್ಲ. ಮಂಗಳವಾರದಿಂದ ಅತ್ತು ಅತ್ತು ಮೂಗು ಕಟ್ಟಿದ್ದು ತಾಯಣ್ಣನಿಗೆ. ಥಂಡಿ ಅಮ್ಮಾ, ಇಲ್ಲಿ ಹಿಮ ಬೀಳುತ್ತದೆ, ನೆಗಡಿಯಾಗಿದೆ ಎಂದು ಆ ಫೋನಿನಲ್ಲಿ ಹೇಳಿದ್ದೂ ಅವನಿಗೆ ಈಗ ನೆನಪಾಯಿತು. ಮುದುಕಿ ಒಂದು ಉಸಿರೂ ತಪ್ಪದಂತೆ, ಎಲ್ಲಿ ಗಂಟಲು ಒಡೆಯಿತೋ ಅಲ್ಲೇ ಒಡೆದು, ಮಾಡುತ್ತಿದ್ದದ್ದು ಇಪ್ಪತ್ಮೂರು ವರ್ಷದ ತಾಯಣ್ಣನನ್ನು.

“ಕೇಳಿದಿಲ್ಲ?” ಎಂದಳು. “ಹಿಂಗ ಇತ್ತು.”

“ಅಮ್ಮಾ,” ಅವನು ಮಂಚಕ್ಕೆ ಇನ್ನಷ್ಟು ಹತ್ತಿರ ಸರಿದ. “ಅದಕ್ಕಿಂತ ಮೊದಲಿಂದು? ಕಾಲೇಜಿನಾಗ ಇದ್ದಾಗಿಂದು, ಸಣ್ಣಾಂವ ಇದ್ದಾಗಿಂದು ಮಾಡ್ರಿ. ಮನಿಗೆ ಬಂದಕೂಡಲೇ ಹಸಿವಿ ಅಂತಿದ್ದನಲ್ಲ. ಅದು.”

“ಅದಕ್ಕೇನು” ಎಂದು ಅವಳು ಬಾಯಿ ತೆರೆದಳು. “ಅಮ್ಮಾ, ಭೂಕ್ ಲಗೀ” ಎಂದಳು. ಅದೇ ಕಟ್ಟಿದ ಮೂಗು, ಅದೇ ಒತ್ತಿದ ಕೊನೆ. ತಡೆದಳು. ತಲೆಯನ್ನು ಆ ಕಡೆ ಈ ಕಡೆ ಓರೆ ಮಾಡಿದಳು. ಮತ್ತೆ ಅಂದಳು, ಅದೇ. ಪೊರೆ ಬಂದ ಕಣ್ಣು ಗೋಡೆಯ ಮೇಲೆ ಏನನ್ನೋ ಹುಡುಕಿದವು. ತಾಯಣ್ಣ ನೆಲ ನೋಡಿದ. ಹಡೆದವಳ ಕಿವಿಯಲ್ಲಿ ಇಪ್ಪತ್ಮೂರು ವರ್ಷ ತುಂಬಿಟ್ಟ ದನಿಯನ್ನು ಎರಡು ನಿಮಿಷದಲ್ಲಿ ಒರೆಸಿ ಕೂತಿದ್ದ ತನ್ನನ್ನು, ಅವಳು ದಿನವೂ ಬಾಯಲ್ಲಿಟ್ಟುಕೊಂಡು ಸಾಕುತ್ತಿದ್ದಳು. “ಇದ ಇತ್ತು ಬಿಡು, ಇದ ಇತ್ತು” ಎಂದಳು ಕೊನೆಗೆ, ಸ್ವಲ್ಪ ಹೆದರಿದವಳಂತೆ. “ಹೌದಿಲ್ಲೋ ತಾಯಣ್ಣ? ನೀ ಅವನ ಕೂಡ ಇದ್ದಾಂವ. ಇದ ಹೌದಲ್ಲ?”

ಅವನ ಅಂಗಿಯ ಕಿಸೆಯಲ್ಲಿ ಫೋನು ಹೊಡೆದುಕೊಂಡಿತು. ವಾಹಿದಾ. ಎತ್ತಿ ಕಿವಿಗಿಟ್ಟುಕೊಂಡ. ಮಕ್ಕಳ ಗದ್ದಲದ ನಡುವೆ ಅವಳು ಕೇಳಿದಳು: “ಅಣ್ಣಾ, ಹೇಳಿದ್ರೇನ್ರಿ? ಕಲ್ಲಿನಂವ ಕೂತಾನ. ಯಾವ ತಾರೀಖು?” ಮುದುಕಿ ಅವನ ಇನ್ನೊಂದು ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು.

“ಇದ ಹೌದಮ್ಮಾ” ಎಂದ ಅವಳಿಗೆ. ಆಮೇಲೆ ಫೋನಿಗೆ, “ಒಂಬತ್ತು ಅಂತ ಕೆತ್ತಸವ್ವಾ. ಶುಕ್ರವಾರ” ಎಂದ.

ಆ ಸುಳ್ಳನ್ನು ಅವನು ತನ್ನ ದನಿಯಲ್ಲಿ ಹೇಳಿದ್ದು ಅದೇ ಮೊದಲ ಸಲ.